ಬಸುರಿ ನಡೆಯಬೇಕೋ, ಊಟ ನಡೆಯಬೇಕೋ

ಶತ್ರು ಸುತ್ತುವರಿದ ಊರಿನ ಬಸುರಿ-ಬಾಣಂತಿಯರಿಗಾಗಿ 1949ರ ನಾಲ್ಕನೇ ಜಿನೀವಾ ಒಪ್ಪಂದದಲ್ಲಿ ಎರಡು ದಾರಿಗಳಿವೆ. ಹೆರಿಗೆಯ ಹೆಂಗಸರನ್ನು ಮುತ್ತಿಗೆಯಿಂದ ಹೊರಗೆ ಸಾಗಿಸಲು ಎರಡೂ ಕಡೆಯವರು ಒಪ್ಪಂದಕ್ಕೆ ಯತ್ನಿಸಬೇಕೆನ್ನುವುದು 17ನೇ ವಿಧಿ. ಬಸುರಿಯರಿಗೆ ಬೇಕಾದ ಆಹಾರವನ್ನು ಒಳಗೆ ಬಿಡಬೇಕೆನ್ನುವುದು 23ನೇ ವಿಧಿ. ಪಾಲಿಸಿದ್ದಕ್ಕಿಂತ ಮುರಿದದ್ದೇ ಹೆಚ್ಚು ಎನ್ನಿ. 2022ರ ಮಾರ್ಚ್ 9ರಂದು ಮರಿಯುಪೋಲಿನ ಹೆರಿಗೆ ಆಸ್ಪತ್ರೆಯ ಮೇಲೆಯೇ ಬಾಂಬು ಬಿತ್ತು. ಆದರೂ ಆ ವಿಧಿಗಳ ತರ್ಕ ಗಟ್ಟಿಯಾಗಿದೆ: ದಾಟಿಸುವ ಹೊಣೆ ಅಧಿಕಾರ ಇದ್ದವರದು, ಬಸುರಿಯದಲ್ಲ. ಊಟ ತಪ್ಪಿದರೆ ಏನಾಗುತ್ತದೆಂಬುದು ಲೆನಿನ್‌ಗ್ರಾಡಿನಲ್ಲಿ ದಾಖಲಾಗಿದೆ. ಮುತ್ತಿಗೆಯ ನಡುವೆ, 1942ರ ಮೊದಲರ್ಧದಲ್ಲಿ, ಅಲ್ಲಿ ಹುಟ್ಟಿದ ಕೂಸುಗಳ ತೂಕ ಸರಾಸರಿ ಅರ್ಧ ಕಿಲೋಗೂ ಹೆಚ್ಚು ಇಳಿದಿತ್ತು.

ಈ ಅಳತೆಗೋಲನ್ನು ನರಸಿಂಹರಾಜಪುರ, ಕೊಪ್ಪ, ಶೃಂಗೇರಿಗೆ ತರುವುದು ಅತಿಯಾಯಿತು ಎನ್ನುವವರಿರಬಹುದು. ಇಲ್ಲಿ ಯುದ್ಧವಿಲ್ಲ, ನಿಜ. ಆದರೆ ಆರಿದ್ರಾ ಹಿಡಿದರೆ ಆಶ್ಲೇಷ ಕಳೆಯುವವರೆಗೆ ಹಳ್ಳ ತುಂಬಿ, ಧರೆ ಜರಿದು, ಮರ ಬಿದ್ದು, ಒಂಟಿಮನೆಗಳು ದಿನಗಟ್ಟಲೆ ಹೊರಜಗತ್ತಿನಿಂದ ಕಡಿದುಹೋಗುತ್ತವೆ. ಶೃಂಗೇರಿಯಲ್ಲಿ ತುಂಗೆ ಕಪ್ಪೆ ಶಂಕರನ ಗುಡಿಯನ್ನು ಮುಳುಗಿಸಿದರೆ ಪತ್ರಿಕೆಯಲ್ಲಿ ಫೋಟೊ ಬರುತ್ತದೆ. ಕಾಲುಸಂಕ ಕೊಚ್ಚಿಹೋದ ಮನೆಯಲ್ಲಿ ದಿನ ತುಂಬಿದ ಬಸುರಿ ಇದ್ದಾಳೆಂಬುದು ಆಶಾ ಕಾರ್ಯಕರ್ತೆಗಷ್ಟೇ ಗೊತ್ತಿರುತ್ತದೆ.

ಮಾತೃಪೂರ್ಣ ಯೋಜನೆಯ ಯೋಗ್ಯತೆ ತೂಗಬೇಕಾದದ್ದು ಇಂಥ ಜಾಗದಲ್ಲಿ. 2017ರ ಅಕ್ಟೋಬರ್ 2ರಂದು ರಾಜ್ಯದಾದ್ಯಂತ ಬಂದ ಈ ಯೋಜನೆಯಲ್ಲಿ ಬಸುರಿ, ಬಾಣಂತಿಯರು ಮಧ್ಯಾಹ್ನ ಅಂಗನವಾಡಿಗೆ ಬಂದು ಬಿಸಿಯೂಟ ಮಾಡಬೇಕು. ಅನ್ನ, ಸಾರು, ಪಲ್ಯ, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ. ಜೊತೆಗೆ ಕಬ್ಬಿಣಾಂಶದ ಮಾತ್ರೆ. ಇದರ ಹಿಂದಿನ ವಿಚಾರವನ್ನು ಹಗುರವಾಗಿ ಕಾಣುವಂತಿಲ್ಲ. ಅದಕ್ಕೂ ಮುಂಚೆ ಮನೆಗೆ ಒಯ್ಯುತ್ತಿದ್ದ ರೇಷನ್ನು ಇಡೀ ಮನೆಯ ಪಾತ್ರೆಗೆ ಬೀಳುತ್ತಿತ್ತು, ಬಡಿಸಿ ಕೊನೆಗೆ ಉಣ್ಣುವ ಬಸುರಿಗೆ ತಳದ್ದಷ್ಟೇ. ಕಣ್ಣೆದುರು ಉಂಡ ಮೊಟ್ಟೆ ಅವಳದೇ. ಸಾಲು ಮನೆಗಳ ಬಯಲುಸೀಮೆಯ ಊರಿನಲ್ಲಿ, ಅಂಗನವಾಡಿ ನಾಲ್ಕು ಮನೆಯಾಚೆ ಇದ್ದಲ್ಲಿ, ಇದು ಒಳ್ಳೆಯ ಏರ್ಪಾಡು.

ಮಲೆನಾಡಿನ ಮನೆ ಹಾಗಿಲ್ಲ. ಅಂಗಳ ಇಳಿದರೆ ಅಡಿಕೆ ತೋಟ, ತೋಟದಾಚೆ ಹಳ್ಳ, ಹಳ್ಳಕ್ಕೆ ಪಾಚಿ ಕಟ್ಟಿದ ಎರಡು ಅಡಿಕೆ ಮರದ ಸಂಕ, ಹಿಡಿದುಕೊಳ್ಳಲು ಒಂದು ಬಿದಿರ ಗಳ. ಒಂದು ಕೈಯಲ್ಲಿ ಛತ್ರಿ, ಇನ್ನೊಂದರಲ್ಲಿ ಸೀರೆಯ ನೆರಿಗೆ ಇದ್ದರೆ ಗಳ ಹಿಡಿಯುವುದು ಯಾವ ಕೈಯಲ್ಲಿ? ಆಚೆ ದಡದಲ್ಲಿ ಇಂಬಳ ಕಿತ್ತು ಗುಡ್ಡ ಹತ್ತಬೇಕು. ಉಂಡು ಅದೇ ದಾರಿಯಲ್ಲಿ ವಾಪಸ್. ಎಂಟು ತಿಂಗಳ ಬಸುರಿಗೆ ಆ ಊಟಕ್ಕಿಂತ ಆ ದಾರಿಯೇ ದುಬಾರಿ. ಕಾಫಿ ತೋಟದ ಲೈನ್ ಮನೆಯವಳಿಗೆ ಹೋಗಿಬರುವಷ್ಟರಲ್ಲಿ ಅರ್ಧ ದಿನದ ಕೂಲಿಯೂ ಹೋಯಿತು. ಅವಳು ಬರುವುದಿಲ್ಲ, ಹಾಜರಿ ಪುಸ್ತಕದಲ್ಲಿ ಅದು ಅವಳದೇ ತಪ್ಪಿನಂತೆ ಕಾಣುತ್ತದೆ.

ಸರ್ಕಾರಕ್ಕೆ ಬೇರೆ ದಾರಿ ಗೊತ್ತಿಲ್ಲ ಎನ್ನುವಂತಿಲ್ಲ. 2020ರ ಲಾಕ್‌ಡೌನಿನಲ್ಲಿ ಇದೇ ಅಂಗನವಾಡಿಯವರು ಆಹಾರ ಸಾಮಗ್ರಿಯನ್ನು ಮನೆಬಾಗಿಲಿಗೆ ಮುಟ್ಟಿಸಿದರು. ರೋಗಕ್ಕೆ ಹೆದರಿ ಮಾಡಿದ್ದನ್ನು ಮಳೆಗಾಗಿ ಏಕೆ ಮಾಡಬಾರದು? ಮನೆಗೆ ಹೋದ ಮೊಟ್ಟೆ ಮತ್ತೆ ಹಂಚಿಹೋಗಬಹುದು, ಒಪ್ಪೋಣ. ಹಂಚಿ ಉಳಿದ ಅರ್ಧವಾದರೂ ಸಿಗುವುದು, ಒಂದೂ ಸಿಗದಿರುವುದಕ್ಕಿಂತ ಮೇಲು.

ಹೊರಗೆ ಸಾಗಿಸುವ ದಾರಿಯದೂ ಇದೇ ಪಾಡು. 2008ರಲ್ಲಿ ಬಂದ 108 ಆಂಬುಲೆನ್ಸ್ ಎಷ್ಟೋ ಜೀವ ಉಳಿಸಿದೆ, ಆದರೆ ಅದು ಬರುವುದು ರಸ್ತೆ ಇರುವಲ್ಲಿಗೆ, ನೋವು ಶುರುವಾದ ಮೇಲೆ. ಅನುಕೂಲಸ್ಥರು ಮಗಳನ್ನು ವಾರ ಮುಂಚೆಯೇ ಪೇಟೆಯ ನೆಂಟರ ಮನೆಗೆ ಕರೆತಂದಿಡುತ್ತಾರೆ. ಪೇಟೆಯಲ್ಲಿ ನೆಂಟರಿಲ್ಲದವಳು ಎಲ್ಲಿಗೆ ಹೋಗಬೇಕು? ಜನನಿ ಸುರಕ್ಷಾ ಯೋಜನೆಯಲ್ಲಿ ನಮ್ಮ ಹಳ್ಳಿಯ ತಾಯಿಗೆ ಸಿಗುವ 700 ರೂಪಾಯಿಯಲ್ಲಿ ವಾರದ ವಾಸ್ತವ್ಯ ಸಾಗದು. ಒಡಿಶಾ ಸರ್ಕಾರ ದುರ್ಗಮ ಊರುಗಳ ಬಸುರಿಯರಿಗಾಗಿ ಆಸ್ಪತ್ರೆಯ ಬಳಿ ‘ಮಾ ಗೃಹ’ಗಳನ್ನು ನಡೆಸುತ್ತಿದೆ. ನಮ್ಮ ಮೂರು ತಾಲ್ಲೂಕು ಕೇಂದ್ರಗಳಲ್ಲೂ ಮಳೆಗಾಲಕ್ಕಾದರೂ ಅಂಥದ್ದು ಬೇಕು.

ಮಾತೃಪೂರ್ಣದ ಆಶಯ ಸರಿ, ನಕ್ಷೆ ತಪ್ಪು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆಗೇ ಆಹಾರ ಕೊಡುವುದು ಮಲೆನಾಡಿಗೆ ವಿನಾಯಿತಿ ಆಗಬಾರದು, ನಿಯಮವೇ ಆಗಬೇಕು. ಹೊತ್ತೊಯ್ಯುವವರಿಗೆ ಅದರ ಸಂಬಳವನ್ನೂ ಕೊಡಬೇಕು. ಇಲ್ಲದಿದ್ದರೆ ಬಸುರಿಯ ತಲೆಯ ಮೇಲಿದ್ದ ಹೊರೆಯನ್ನು ಅಂಗನವಾಡಿ ಸಹಾಯಕಿಯ ತಲೆಗೆ ವರ್ಗಾಯಿಸಿದಂತಾಗುತ್ತದೆ, ಅಷ್ಟೇ.