ಅನುಮೋದನೆಯ ನಕ್ಷೆ: ಎತ್ತರ ಎಲ್ಲಿಂದ?

ಚಿಕ್ಕಜಾಲದ ಕಟ್ಟಡವೊಂದರ ಅನುಮೋದನೆಗೆ ಸಿದ್ಧಪಡಿಸುವ ನಕ್ಷೆಯನ್ನು ವೈಜ್ಞಾನಿಕ ದಾಖಲೆಯಾಗಿ ಪರಿಶೀಲಿಸೋಣ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ಅಳತೆಮಾನ, ಉತ್ತರ ದಿಕ್ಕು, ನಿವೇಶನದ ಗಡಿಗಳನ್ನು ತೋರಿಸಲು ಹೇಳುತ್ತದೆ. ಇದು ಮೆಚ್ಚತಕ್ಕದ್ದೇ. ಆದರೆ ಸೆಕ್ಷನ್ ಚಿತ್ರದಲ್ಲಿ ಎತ್ತರವನ್ನು ನೆಲಮಟ್ಟದಿಂದ ಮಾತ್ರ ಗುರುತಿಸಿ ಮುಗಿಸುವ ರೂಢಿ ಇಲ್ಲಿ ಸಾಲದು. 2008ರಲ್ಲಿ ಆರಂಭವಾದ ದೇವನಹಳ್ಳಿ ಬಳಿಯ ವಿಮಾನ ನಿಲ್ದಾಣ ಹತ್ತಿರದಲ್ಲೇ ಇದೆ. ವಿಮಾನಗಳ ಸುರಕ್ಷತೆಗಾಗಿ ಕಟ್ಟಡದ ತುದಿಗೆ ವಿಧಿಸುವ ಮಿತಿಯನ್ನು ಸಮುದ್ರಮಟ್ಟದಿಂದ ಅಳೆಯುತ್ತಾರೆ. ಉದಾಹರಣೆಗೆ, 15 ಮೀಟರ್ ಕಟ್ಟಡದ ತುದಿ 900 ಮೀಟರ್ ಮಟ್ಟದ ನೆಲದಲ್ಲಿ 915 ಮೀಟರ್. 910ರ ದಿಣ್ಣೆಯಲ್ಲಿ 925. ಮೇಲಿನ ನೀರಿನ ಟ್ಯಾಂಕ್, ಮಿಂಚುವಾಹಕಗಳೂ ಲೆಕ್ಕಕ್ಕೆ ಸೇರುತ್ತವೆ. ನೆಲದ ಮಟ್ಟವನ್ನೇ ನಮೂದಿಸದ ನಕ್ಷೆ ಎಷ್ಟೇ ಅಂದವಾಗಿದ್ದರೂ ಅಪೂರ್ಣ. ನಕ್ಷೆ ರಚನೆ ಕಲಿಸುವ ಶಿಕ್ಷಕರು ‘ಎಷ್ಟು ಎತ್ತರ?’ ಎಂಬುದರ ಜೊತೆಗೆ ‘ಎಲ್ಲಿಂದ?’ ಎಂದೂ ಕೇಳಬೇಕು.