ದಾದಿಯ ಎಡಗೈ: ನಮ್ಮ ಚಿತ್ರಪುಸ್ತಕಗಳು ಅಚ್ಚಿಗೆ ಹೋಗುವ ಮುನ್ನ

ನಮ್ಮ ಲೇಖಕರು ಸ್ವಂತ ಖರ್ಚಿನಲ್ಲಿ ಪುಸ್ತಕ ತರುವುದು ಹೊಸದೇನಲ್ಲ. ಸಾರಾ ಅಬೂಬಕ್ಕರ್ ಅವರೇ 1994ರಲ್ಲಿ ಚಂದ್ರಗಿರಿ ಪ್ರಕಾಶನವನ್ನು ಶುರು ಮಾಡಿದರು. ಹಾಗಾಗಿ ಸ್ವಂತ ಪ್ರಕಾಶನ ಅಂದ ಕೂಡಲೇ ಮೂಗು ಮುರಿಯುವವರ ಸಾಲಿನಲ್ಲಿ ನಾನಿಲ್ಲ. ನನ್ನ ತಕರಾರು ಬೇರೆ. ಕಥೆ, ಕವನಗಳ ಪುಸ್ತಕವನ್ನು ನಾವು ಹೇಗೋ ದಡ ಮುಟ್ಟಿಸುತ್ತೇವೆ. ಮಕ್ಕಳಿಗಾಗಿ ಚಿತ್ರಪುಸ್ತಕ ಮಾಡಲು ಹೊರಟಾಗ ಮಾತ್ರ ಎಡವುತ್ತೇವೆ. ಯಾಕೆ ಅಂತ ಕೇಳಿದರೆ ಎಲ್ಲರೂ ದುಡ್ಡಿನ ಕಡೆ ಬೆರಳು ತೋರಿಸುತ್ತಾರೆ. ದುಡ್ಡಿಗಿಂತ ದೊಡ್ಡ ಕಾರಣ ಒಂದಿದೆ, ಕೇಳಿ.

ಪುಣೆಯ ಕ್ಯಾಂಪ್ ಪ್ರದೇಶದಲ್ಲಿರುವ ನಿವೃತ್ತ ಟೀಚರ್ ಒಬ್ಬರು, ನಾವೆಲ್ಲ ಆಪಾ ಅನ್ನುತ್ತೇವೆ, ತಮ್ಮ ದಾದಿ ಹೇಳುತ್ತಿದ್ದ ಕಥೆಗಳನ್ನು ಬರೆದಿಟ್ಟಿದ್ದರು. ಮೂಲ ವಿಜಯಪುರದ ಕಡೆಯದು. ದಾದಿ ಹೇಳಿದ್ದು ದಖ್ಖನಿಯಲ್ಲಿ. ಮೊಮ್ಮಕ್ಕಳು ಓದುವುದು ಇಂಗ್ಲಿಷ್, ಆಡುವುದು ಮರಾಠಿ. ಒಂದೇ ಪುಸ್ತಕದಲ್ಲಿ ಒಂದು ಕಡೆಯಿಂದ ಉರ್ದು, ಇನ್ನೊಂದು ಕಡೆಯಿಂದ ಕನ್ನಡ ಇರಲಿ, ಪ್ರತಿ ಕಥೆಗೂ ಚಿತ್ರ ಇರಲಿ ಎಂಬುದು ಆಪಾ ಆಸೆ. ಎರಡೂ ಭಾಷೆ ಬಲ್ಲವಳು ಅಂತ ಕರಡು ನೋಡಲು ನನಗೆ ಕೊಟ್ಟರು.

ಕನ್ನಡ ಭಾಗದ ಮೊದಲ ಚಿತ್ರದಲ್ಲೇ ನಾನು ನಿಂತುಬಿಟ್ಟೆ. ದಾದಿ ಎಡಗೈಯಲ್ಲಿ ರೊಟ್ಟಿ ಮುರಿದು ಮಗುವಿನ ಬಾಯಿಗಿಡುತ್ತಿದ್ದಾರೆ! ಬಿಸ್ಮಿಲ್ಲಾ ಹೇಳಿ ಬಲಗೈಯಲ್ಲಿ ಉಣ್ಣು ಅಂತ ಕಲಿಸಿದ ಅದೇ ದಾದಿ. ಹಿಂದಿನ ಅಂಗಡಿಯ ಬೋರ್ಡಿನ ಅಕ್ಷರಗಳೂ ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ.

ಆದದ್ದಿಷ್ಟು. ಚಿತ್ರಗಳನ್ನು ಮೊದಲು ಉರ್ದು ಭಾಗಕ್ಕೆಂದು ಬರೆಸಿದ್ದರು. ಉರ್ದು ಬಲದಿಂದ ಎಡಕ್ಕೆ ಹೋಗುತ್ತದೆ, ಕಣ್ಣೂ ಹಾಗೇ ಹೋಗುತ್ತದೆ. ಎಡಕ್ಕೆ ಓಡುವ ಹುಡುಗ ಅಲ್ಲಿ ಮುಂದಿನ ಪುಟಕ್ಕೆ ಓಡುತ್ತಾನೆ. ಕನ್ನಡ ಪುಟದಲ್ಲಿ ಅದೇ ಹುಡುಗ ಕಥೆಯಿಂದ ವಾಪಸ್ ಓಡಿದಂತೆ ಕಾಣುತ್ತಾನೆ. ಪುಟ ಕಟ್ಟುವ ಹುಡುಗನಿಗೆ ಇದು ಗೊತ್ತಾಗಿದೆ, ಅವನು ಜಾಣನೇ. ಕಂಪ್ಯೂಟರಿನಲ್ಲಿ ಎಲ್ಲ ಚಿತ್ರಗಳನ್ನೂ ತಿರುಗಿಸಿಬಿಟ್ಟ. ಓಟ ಸರಿಹೋಯಿತು, ಊಟ ಕೆಟ್ಟಿತು.

ಇಲ್ಲಿ ತಪ್ಪು ಆ ಹುಡುಗನದ್ದಲ್ಲ. ಯಾವ ಪುಟದಲ್ಲಿ ಯಾವ ಚಿತ್ರ, ಅದು ಯಾವ ಕಡೆ ನೋಡಬೇಕು ಎಂಬುದನ್ನು ಚಿತ್ರ ಬರೆಸುವ ಮೊದಲೇ ತೀರ್ಮಾನಿಸಬೇಕಿತ್ತು. ನಮ್ಮಲ್ಲಿ ಮೊದಲು ಕಥೆ ಬರೆದು ಮುಗಿಸುತ್ತೇವೆ, ಆಮೇಲೆ ಖಾಲಿ ಜಾಗ ತುಂಬಲು ಚಿತ್ರ ಹುಡುಕುತ್ತೇವೆ. ಚಿತ್ರವೂ ಕಥೆ ಹೇಳುತ್ತದೆ ಎಂಬುದನ್ನು ನಾವು ಇನ್ನೂ ಒಪ್ಪಿಲ್ಲ. ನಾನು ಹೇಳಿದ ದೊಡ್ಡ ಕಾರಣ ಇದೇ.

ಈ ಮಾತಿಗೆ ಪುಣೆಗಿಂತ ಒಳ್ಳೆಯ ಊರಿಲ್ಲ. 1878ರಲ್ಲಿ ವಿಷ್ಣುಶಾಸ್ತ್ರಿ ಚಿಪಳೂಣಕರ್ ಇಲ್ಲಿ ಚಿತ್ರಶಾಲಾ ಪ್ರೆಸ್ ಕಟ್ಟಿದರು. ಕಲ್ಲಚ್ಚಿನಿಂದ ಬಣ್ಣದ ಚಿತ್ರಗಳನ್ನು ಮುದ್ರಿಸಿ ಮನೆಮನೆಗೆ ಮುಟ್ಟಿಸಿದರು. ನಮ್ಮ ಉರ್ದು ಪುಸ್ತಕಗಳೂ ಬಹುಕಾಲ ಕಲ್ಲಚ್ಚಿನಲ್ಲೇ ಬಂದವು. ನಸ್ತಾಲಿಕ್ ಬರಹ ಸೀಸದ ಮೊಳೆಗಳಿಗೆ ಒಗ್ಗುತ್ತಿರಲಿಲ್ಲ, ಕಾತಿಬ್ ಕೈಯಿಂದಲೇ ಬರೆಯಬೇಕಿತ್ತು. ಅಂದರೆ ಚಿತ್ರ ಮತ್ತು ಅಕ್ಷರ ಎರಡನ್ನೂ ಒಂದೇ ಕಲ್ಲು ಹೊತ್ತಿತ್ತು.

ಇದೇ ಊರಿನ ಭಂಡಾರ್ಕರ್ ಸಂಸ್ಥೆಯ ಮಹಾಭಾರತದ ಕಥೆಯೂ ಹೀಗೇ. 1918ರಲ್ಲಿ ಔಂಧ್ ಸಂಸ್ಥಾನದ ರಾಜ ಭವನರಾವ್ ಪಂತ್ ಪ್ರತಿನಿಧಿ ಚಿತ್ರಸಹಿತ ಮಹಾಭಾರತ ಬೇಕೆಂದು ಒಂದು ಲಕ್ಷ ರೂಪಾಯಿ ಕೊಡುವುದಾಗಿ ಹೇಳಿದರು. ಅವರು ಸ್ವತಃ ಚಿತ್ರಕಾರರು. ವಿದ್ವಾಂಸರು ಮೊದಲು ಪಾಠ ಸರಿಯಾಗಲಿ ಎಂದು 1919ರಲ್ಲಿ ಕೂತವರು, ಮುಗಿಸಿ ಎದ್ದದ್ದು 1966ರಲ್ಲಿ. ಇವತ್ತು ಅದು ಪಾಠಾಂತರಗಳಿಗಾಗಿ ಲೋಕಪ್ರಸಿದ್ಧ. ಚಿತ್ರದ ಆಸೆಯಿಂದ ಹುಟ್ಟಿದ್ದೆಂದು ಬಲ್ಲವರು ಕಡಿಮೆ. ವಿದ್ವಾಂಸರು ಮಾಡಿದ್ದು ಸರಿಯೇ, ಪಾಠ ಗಟ್ಟಿಯಾಗದೆ ಚಿತ್ರ ನಿಲ್ಲುವುದಿಲ್ಲ. ಆದರೆ ಚಿತ್ರ ಹಿಂದೆ ಸರಿದಾಗ ಪುಸ್ತಕವೇ ಬೇರೆಯಾಗುತ್ತದೆ ಎಂಬುದೂ ಅಷ್ಟೇ ನಿಜ.

ಇನ್ನೊಂದು ದಾರಿ ಲಾಹೋರಿನ ಅಬ್ದುರ್ರಹಮಾನ್ ಚುಗ್ತಾಯಿ ಅವರದು. 1928ರಲ್ಲಿ ಅವರು ಗಾಲಿಬ್ ದಿವಾನನ್ನು ತಮ್ಮ ಚಿತ್ರಗಳೊಂದಿಗೆ 'ಮುರಕ್ಕಾ-ಎ-ಚುಗ್ತಾಯಿ' ಎಂದು ಹೊರತಂದರು. ಇಕ್ಬಾಲ್ ಮುನ್ನುಡಿ ಬರೆದರು. ಅಲ್ಲಿನ ಚಿತ್ರಗಳು ಶೇರ್‌ಗಳ ಅರ್ಥ ಬಿಡಿಸಿ ಹೇಳಲು ಹೋಗುವುದಿಲ್ಲ, ಪಕ್ಕದಲ್ಲಿ ನಿಂತು ಜೊತೆ ಕೊಡುತ್ತವೆ. ಚಿತ್ರಪುಸ್ತಕ ಮಾಡಬೇಕೆನ್ನುವ ನಮ್ಮ ಹುಡುಗ ಹುಡುಗಿಯರು ಅದನ್ನೊಮ್ಮೆ ನೋಡಬೇಕು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಆಪಾ ಪುಸ್ತಕದ ಚಿತ್ರಗಳಲ್ಲಿ ಅರ್ಧ ಕಲಾವಿದೆಯ ಕೈಯಿಂದ ಬಂದವು, ಉಳಿದರ್ಧ ಇಂಟರ್‌ನೆಟ್ಟಿನಿಂದ ಇಳಿಸಿಕೊಂಡವು. ಆ ಉಳಿದರ್ಧದಲ್ಲಿ ಏನಿತ್ತು ಹೇಳಿ? ಮರಳುಗಾಡು, ಒಂಟೆ, ಖರ್ಜೂರದ ಮರ, ನಾಲ್ಕು ಮಿನಾರು. ಕಥೆ ನಡೆಯುವುದು ಜೋಳದ ಹೊಲದಲ್ಲಿ! ಆಪಾ ದಾದಿ ಸೀರೆ ಉಟ್ಟು ಸೆರಗು ಹೊದ್ದವರು, ಬೇವಿನ ಮರದ ಕೆಳಗೆ ಕೂತವರು. ನಮ್ಮನ್ನು ಬೇರೆಯವರು ಒಂದೇ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆಂದು ದೂರುತ್ತೇವೆ. ಸ್ವಂತ ದುಡ್ಡು ಹಾಕಿ ಅದೇ ಅಚ್ಚನ್ನು ನಾವೇ ಕೊಂಡು ತಂದರೆ ದೂರುವುದು ಯಾರನ್ನು? ಆ ಪುಸ್ತಕ ನೋಡಿದ ಮಗು ತನ್ನ ದಾದಿ ಎಲ್ಲಿ ಅಂತ ಕೇಳಿದರೆ ಉತ್ತರ ಇರಲಿಲ್ಲ.

ಮುಖ ಬರೆಯಬಹುದೇ ಎಂಬ ಪ್ರಶ್ನೆಯೂ ಬರುತ್ತದೆ. ಪ್ರವಾದಿಗಳನ್ನು ಚಿತ್ರಿಸುವುದಿಲ್ಲ, ಆ ಮಾತು ಬಿಡಿ. ಸಾಮಾನ್ಯ ಮನುಷ್ಯರ ಚಿತ್ರದ ಬಗ್ಗೆ ಮನೆಮನೆಗೂ ಅಭಿಪ್ರಾಯ ಬೇರೆ. ನಿಮ್ಮ ನಿಲುವು ಯಾವುದಾದರೂ ಇರಲಿ, ಕಲಾವಿದರಿಗೆ ಮೊದಲ ದಿನವೇ ಹೇಳಿ. ಮುಖವಿಲ್ಲದೆ ಕೈ, ಬೆನ್ನು, ಚಪ್ಪಲಿ, ಒಲೆ, ನೆರಳುಗಳಿಂದಲೂ ಚೆಂದದ ಪುಸ್ತಕ ಆಗುತ್ತದೆ. ಬರೆದಾದ ಮೇಲೆ ಮುಖಗಳ ಮೇಲೆ ಬಿಳಿ ಬಳಿದರೆ ಮಾತ್ರ ಆಗುವುದಿಲ್ಲ.

ಇನ್ನು ಅಚ್ಚಿನ ಲೆಕ್ಕ. ವಿದ್ಯಾರ್ಥಿಗಳು ಇದನ್ನು ಬರೆದಿಟ್ಟುಕೊಳ್ಳಿ. ಮುದ್ರಣಕ್ಕೆ ಚಿತ್ರ ಒಂದು ಇಂಚಿಗೆ 300 ಚುಕ್ಕಿಗಳಷ್ಟು ದಟ್ಟವಾಗಿರಬೇಕು. ಅಂದರೆ ಆರು ಇಂಚು ಅಗಲದ ಚಿತ್ರಕ್ಕೆ 1800 ಪಿಕ್ಸೆಲ್. ವಾಟ್ಸಾಪಿನಲ್ಲಿ ಫೋಟೋ ಥರ ಕಳಿಸಿದರೆ ಚಿತ್ರ ಕುಗ್ಗುತ್ತದೆ. ಮೂಲ ಫೈಲನ್ನೇ ತರಿಸಿಕೊಳ್ಳಿ. ಮೊಬೈಲ್ ಪರದೆಯ ಬಣ್ಣ ಬೆಳಕಿನದು, ಕಾಗದದ ಬಣ್ಣ ನಾಲ್ಕು ಶಾಯಿಗಳದು. ಪರದೆಯ ಮಿನುಗುವ ಹಸಿರು ಕಾಗದದಲ್ಲಿ ಮಂಕಾಗುತ್ತದೆ. ಪುಟದ ಅಂಚಿನವರೆಗೆ ಚಿತ್ರ ಬೇಕಿದ್ದರೆ ಸುತ್ತಲೂ 3 ಮಿಲಿಮೀಟರ್ ಹೆಚ್ಚು ಬರೆಸಿ, ಕತ್ತರಿಸುವಾಗ ಅದು ಹೋಗುತ್ತದೆ. ಪಿನ್ ಹೊಡೆಯುವ ಪುಸ್ತಕದ ಪುಟಗಳು ನಾಲ್ಕರಿಂದ ಭಾಗವಾಗಬೇಕು; 34 ಪುಟ ಬರೆದರೆ 36 ಆಗುತ್ತದೆ, ಆ ಎರಡಕ್ಕೆ ಏನೆಂದು ಮೊದಲೇ ಯೋಚಿಸಿ.

ಅಕ್ಷರದ ಕಷ್ಟ ನಮಗೆ ಎರಡರಷ್ಟು. ಇನ್‌ಪೇಜಿನ ಉರ್ದು, ಹಳೆಯ ನುಡಿಯ ಕನ್ನಡ ಪ್ರೆಸ್ಸಿನವರ ಕಂಪ್ಯೂಟರಿನಲ್ಲಿ ತೆರೆದಾಗ ಒತ್ತಕ್ಷರಗಳು ಚದುರಿಹೋಗಬಹುದು. ಫಾಂಟ್ ಒಳಗೇ ಸೇರಿಸಿದ ಪಿಡಿಎಫ್ ಕೊಡಿ. ನಸ್ತಾಲಿಕ್ ಓರೆಯಾಗಿ ಇಳಿಯುತ್ತದೆ, ಕನ್ನಡದ ಒತ್ತು ಕೆಳಗೆ ಇಳಿಯುತ್ತದೆ. ಎರಡಕ್ಕೂ ಸಾಲುಗಳ ನಡುವೆ ಧಾರಾಳ ಜಾಗ ಬೇಕು. ಐಎಸ್‌ಬಿಎನ್ ಸಂಖ್ಯೆಗೆ ಏಜೆಂಟರಿಗೆ ದುಡ್ಡು ಕೊಡಬೇಡಿ, ರಾಜಾ ರಾಮಮೋಹನ ರಾಯ್ ಹೆಸರಿನ ಸರ್ಕಾರಿ ಸಂಸ್ಥೆ ಉಚಿತವಾಗಿ ಕೊಡುತ್ತದೆ. ಕಲಾವಿದರ ಹೆಸರು ಲೇಖಕರ ಹೆಸರಿನ ಜೊತೆ ಮುಖಪುಟದಲ್ಲೇ ಇರಲಿ. ಕೊಡುವ ಹಣ, ಚಿತ್ರದ ಹಕ್ಕು ಯಾರಿಗೆ ಎಂಬುದನ್ನು ಒಂದು ಕಾಗದದಲ್ಲಿ ಬರೆದುಕೊಳ್ಳಿ.

ಆಪಾಗೆ ಇದನ್ನೆಲ್ಲ ಹೇಳುವಾಗ ನನಗೇ ಸಂಕೋಚ. ರಂಜಾನ್ ಈದಿಗೆ ಪುಸ್ತಕ ಬರಬೇಕು ಅಂತ ಕಾದಿದ್ದರು. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಈದ್ ಮುಂದಿನ ವರ್ಷವೂ ಬರುತ್ತದಮ್ಮಾ, ದಾದಿ ಎಡಗೈಯಲ್ಲಿ ಉಣಿಸುವುದು ಬೇಡ" ಅಂದರು. ಒಂಟೆಗಳೆಲ್ಲ ಹೊರಗೆ ಹೋದವು. ಕೈ ಕಾಣುವ, ಅಕ್ಷರ ಇರುವ ಚಿತ್ರಗಳನ್ನು ಕನ್ನಡ ಭಾಗಕ್ಕೆ ಕಲಾವಿದೆ ಬೇರೆಯಾಗಿ ಬರೆಯುತ್ತಿದ್ದಾರೆ. ಉಳಿದವನ್ನು ತಿರುಗಿಸಿದರೂ ನಡೆಯುತ್ತದೆ. ಖರ್ಚು ಹೆಚ್ಚಾಯಿತು, ಹಾಗಾಗಿ ಪ್ರತಿಗಳು ಕಡಿಮೆಯಾದವು.

ನಿಮ್ಮಲ್ಲಿ ಯಾರಾದರೂ ಇಂಥ ಪುಸ್ತಕ ಮಾಡುತ್ತಿದ್ದರೆ ಒಂದು ವಿನಂತಿ. ಪ್ರೆಸ್ಸಿಗೆ ಒಪ್ಪಿಗೆ ಕೊಡುವ ಮೊದಲು ಒಂದು ಪ್ರತಿಯನ್ನು ಕಾಗದದ ಮೇಲೆ ತೆಗೆಸಿ, ಮನೆಯ ಒಬ್ಬ ಹಿರಿಯರಿಗೂ ಒಂದು ಮಗುವಿಗೂ ಕೊಡಿ. ಏನೂ ಹೇಳಬೇಡಿ, ಅವರು ಪುಟ ತಿರುವುವುದನ್ನು ಸುಮ್ಮನೆ ನೋಡಿ. ಎಲ್ಲಿ ನಿಲ್ಲುತ್ತಾರೋ ಅಲ್ಲಿ ಕೆಲಸ ಬಾಕಿ ಇದೆ.