‘ಬರಿದು ಕಟ್ಟಡ’ ಎಂಬ ಮಾತು: ಬರ್ಲಿನ್ನಿನ ಟೆಕ್ನೋ ಇರುಳನ್ನು ಕುರಿತು

2024ರ ಮಾರ್ಚ್ ತಿಂಗಳಲ್ಲಿ ಜರ್ಮನಿಯು ಬರ್ಲಿನ್ ನಗರದ ಟೆಕ್ನೋ ಸಂಸ್ಕೃತಿಯನ್ನು ತನ್ನ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು. ವಿದ್ಯುದ್ಯಂತ್ರಗಳಿಂದ ಹೊರಡುವ ತಾಳಕ್ಕೆ ಇರುಳಿಡೀ ಕುಣಿಯುವ ರೂಢಿಯೊಂದು, ಹುಟ್ಟಿ ನಾಲ್ಕು ದಶಕ ತುಂಬುವ ಮೊದಲೇ, ‘ಪರಂಪರೆ’ ಎನಿಸಿಕೊಂಡುದಕ್ಕೆ ನಗುವವರು ನಗಬಹುದು. ನಮಗೆ ನಗು ಬರಲಿಲ್ಲ. ಪರಂಪರೆಯೆಂಬ ಹೆಸರು ಪಡೆದ ವಸ್ತುವು ಆ ಗಳಿಗೆಯಿಂದಲೇ ಇತಿಹಾಸಕಾರನ ಪರಿಶೀಲನೆಗೆ ಒಳಪಟ್ಟಂತೆಯೇ ಸರಿ.

ಈ ಸಂಸ್ಕೃತಿಯ ಹುಟ್ಟನ್ನು ಹೇಳುವ ಕಥೆಯೊಂದು ಈಗ ಬೇರೂರಿದೆ. 1989ರ ನವೆಂಬರ್ 9ರಂದು ಬರ್ಲಿನ್ ಗೋಡೆ ತೆರೆಯಿತು. ಪೂರ್ವಭಾಗದಲ್ಲಿ ಕಾರ್ಖಾನೆಗಳೂ ಉಗ್ರಾಣಗಳೂ ನೆಲಮಾಳಿಗೆಗಳೂ ಬರಿದಾಗಿ ನಿಂತಿದ್ದವು. ಎರಡೂ ಕಡೆಯ ತರುಣರು ಅವುಗಳ ಬಾಗಿಲು ತೆರೆದು, ಧ್ವನಿವರ್ಧಕಗಳನ್ನಿಟ್ಟು, ಕುಣಿದು ಒಂದಾದರು. 1990ರ ಅಕ್ಟೋಬರಿನಲ್ಲಿ ರಾಜಕಾರಣಿಗಳು ಕಾಗದದ ಮೇಲೆ ಸಾಧಿಸಿದ ಐಕ್ಯವನ್ನು ಇವರು ನೆಲದಡಿಯಲ್ಲಿ ತಮ್ಮದೇ ರೀತಿಯಲ್ಲಿ ಸಾಧಿಸಿದರೆಂಬುದು ಕಥೆಯ ಸಾರ. ಇದರಲ್ಲಿ ಸುಳ್ಳಿಲ್ಲ. ನಮ್ಮ ಆಕ್ಷೇಪವಿರುವುದು ‘ಬರಿದು’ ಎಂಬ ಒಂದೇ ವಿಶೇಷಣದ ಮೇಲೆ. ಕಟ್ಟಡವು ತಾನಾಗಿ ಬರಿದಾಗುವುದಿಲ್ಲ. ಯಾರೋ ಅದನ್ನು ಬರಿದು ಮಾಡಿರುತ್ತಾರೆ.

ಟ್ರೆಸೋರ್ ಎಂಬ ಹೆಸರಾಂತ ಕ್ಲಬ್ಬನ್ನೇ ತೆಗೆದುಕೊಳ್ಳೋಣ. ಡಿಮಿತ್ರಿ ಹೇಗೆಮಾನ್ ಮತ್ತು ಅವರ ಸಂಗಡಿಗರು 1991ರ ಮಾರ್ಚಿನಲ್ಲಿ ಇದನ್ನು ಲೈಪ್‌ಜಿಗರ್ ಬೀದಿಯ ನೆಲದಡಿಯಲ್ಲಿ ಆರಂಭಿಸಿದರು. ಆ ಜರ್ಮನ್ ಶಬ್ದದ ಅರ್ಥವನ್ನು ಹೇಳಲು, ಕಿವಿಗೂ ಹತ್ತಿರವಾದ ನಮ್ಮ ‘ತಿಜೋರಿ’ಯೇ ಸಾಕು. ಅದು ವೆರ್ಟ್‌ಹೈಮ್ ಎಂಬ ಯಹೂದಿ ಕುಟುಂಬದ ಮಳಿಗೆಯ ಭದ್ರಕೋಣೆ. ಆಲ್ಫ್ರೆಡ್ ಮೆಸ್ಸೆಲ್ ಎಂಬ ವಾಸ್ತುಶಿಲ್ಪಿ 1896ರ ಸುಮಾರಿಗೆ ಕಟ್ಟತೊಡಗಿದ ಆ ಮಳಿಗೆಯು ಯೂರೋಪಿನ ಅತಿ ದೊಡ್ಡ ಮಳಿಗೆಗಳಲ್ಲಿ ಒಂದಾಗಿ ಬೆಳೆಯಿತು. 1930ರ ದಶಕದಲ್ಲಿ ನಾಜಿ ಆಡಳಿತವು ಆ ಕುಟುಂಬವನ್ನು ಒಡೆತನದಿಂದ ಹೊರದೂಡಿತು. 1937ರಲ್ಲಿ ಹೆಸರನ್ನೂ ಅಳಿಸಲಾಯಿತು. ಮುಂದೆ ಬಾಂಬುಗಳು ಕಟ್ಟಡವನ್ನು ಕೆಡವಿದವು. 1950ರ ದಶಕದಲ್ಲಿ ಅವಶೇಷಗಳನ್ನು ತೆರವು ಮಾಡಿದರು. 1961ರಲ್ಲಿ ಪಕ್ಕದಲ್ಲಿಯೇ ಗೋಡೆ ಎದ್ದಿತು. ತಿಜೋರಿ ಮಾತ್ರ, ಸಾಲುಸಾಲು ಠೇವಣಿ ಪೆಟ್ಟಿಗೆಗಳೊಡನೆ, ಮಣ್ಣಿನಡಿ ಉಳಿಯಿತು. ಒಬ್ಬೊಬ್ಬರು ಒಂದೊಂದು ಪೆಟ್ಟಿಗೆಯಲ್ಲಿ ಏನನ್ನೋ ನಂಬಿ ಇಟ್ಟಿದ್ದರು. ಕುಣಿಯಲು ಬಂದವರು ಕಂಡುದು ಬರಿದು ಪೆಟ್ಟಿಗೆಗಳನ್ನು.

ಇಷ್ಟೇ ಆಗಿದ್ದರೆ ಇದನ್ನು ವಿಧಿಯ ವ್ಯಂಗ್ಯವೆಂದು ಬಿಡಬಹುದಿತ್ತು. ಆದರೆ ಇಲ್ಲಿ ಕಾರ್ಯಕಾರಣಸಂಬಂಧವೂ ಉಂಟು. 1990ರ ಆಸ್ತಿ ಕಾನೂನಿನ ಪ್ರಕಾರ, ನಾಜಿಗಳಾಗಲಿ ಪೂರ್ವ ಜರ್ಮನಿಯ ಸರಕಾರವಾಗಲಿ ಕಿತ್ತುಕೊಂಡಿದ್ದ ಆಸ್ತಿಯನ್ನು ಮೂಲ ಒಡೆಯರಿಗೆ ಇಲ್ಲವೆ ಅವರ ವಾರಸುದಾರರಿಗೆ ಹಿಂದಿರುಗಿಸಬೇಕಾಯಿತು. ವಾರಸುದಾರರನ್ನು ಹುಡುಕಿ ಹಕ್ಕನ್ನು ತೀರ್ಮಾನಿಸಲು ವರ್ಷಗಳೇ ಹಿಡಿದವು. ಆ ನಡುವಣ ಕಾಲದಲ್ಲಿ, ಮಾರಲೂ ಕೆಡವಲೂ ಆಗದ ಕಟ್ಟಡಗಳು ಅಲ್ಪಾವಧಿಯ ಗೇಣಿಗೆ ತರುಣರ ಕೈಗೆ ದೊರೆತವು. ಎಂದರೆ, ಆ ಇರುಳುಗಳ ಸ್ವಾತಂತ್ರ್ಯವು ಅಂದಿಗೂ ಇತ್ಯರ್ಥವಾಗದಿದ್ದ ಅನ್ಯಾಯವೊಂದರ ಬಿಡುವಿನಲ್ಲಿ ಬೆಳೆದುದು.

ಸಂಶೋಧನೆಯ ನಿಮಿತ್ತ ಬರ್ಲಿನ್ನಿಗೆ ಹೋಗಿದ್ದ ನಾವು ಒಂದು ಶನಿವಾರದ ರಾತ್ರಿ ಟ್ರೆಸೋರ್‌ಗೆ ಹೋದೆವು. ಅದು ಈಗಿರುವುದು ಹಿಂದೆ ನಗರಕ್ಕೆ ಶಾಖ ಒದಗಿಸುತ್ತಿದ್ದ ಸ್ಥಾವರವೊಂದರಲ್ಲಿ. ಆ ನಗರದ ರೂಢಿಯಂತೆ ಬಾಗಿಲಲ್ಲಿಯೇ ಫೋನಿನ ಕ್ಯಾಮೆರಾಕ್ಕೆ ಅಂಟುಚೀಟಿ ಹಚ್ಚಿದರು. ಉದ್ದನೆಯ ಸುರಂಗ, ಕೃತಕ ಮಂಜು, ಮಿನುಗುವ ಬೆಳಕು. ಅದನ್ನು ದಾಟಿದರೆ, ಹಳೆಯ ತಿಜೋರಿಯಿಂದ ತಂದು ಜೋಡಿಸಿದ ತುಕ್ಕು ಹಿಡಿದ ಪೆಟ್ಟಿಗೆಗಳು. ಕಬ್ಬಿಣದ ಸರಳುಗಳ ಹಿಂದೆ ವಾದಕ.

ಬರ್ಗ್‌ಹೈನ್ ಎಂಬ ಇನ್ನೊಂದು ಕ್ಲಬ್ಬಿನ ಇರುಳುಗಳನ್ನು ಸಂಗೀತ ಕಛೇರಿಗೆ ಸಮನಾಗಿ ಕಾಣಬೇಕೆಂದು 2016ರಲ್ಲಿ ಅಲ್ಲಿನ ತೆರಿಗೆ ನ್ಯಾಯಾಲಯವೇ ಒಪ್ಪಿರುವುದರಿಂದ, ನಾವೂ ಇದನ್ನು ಸಂಗೀತವೆಂದೇ ತೂಗುವುದು ನ್ಯಾಯ. ನಿಮಿಷಕ್ಕೆ ಸುಮಾರು 130 ಪೆಟ್ಟು, ನಾಲ್ಕು ನಾಲ್ಕರ ಗತಿ. ಮೊದಲ ಅರ್ಧ ಗಂಟೆ ನಮಗೆ ಬರಿಯ ಗದ್ದಲವೆನಿಸಿತು, ಒಪ್ಪಿಕೊಳ್ಳಲು ಸಂಕೋಚವಿಲ್ಲ. ಬಳಿಕ ಕಿವಿ ಪಳಗಿತು. ತಳದ ಪೆಟ್ಟು ಕದಲದಿರುವಾಗ ಮೇಲಿನ ಸಣ್ಣ ಲೋಹಧ್ವನಿಯೊಂದನ್ನು ವಾದಕನು ಮೆಲ್ಲನೆ ಹಿಂತೆಗೆಯುತ್ತಾನೆ. ಅದರ ಅಭಾವವನ್ನು ಮೈ ಗುರುತಿಸುವಷ್ಟರಲ್ಲಿ ಮರಳಿ ತರುತ್ತಾನೆ. ಇಡೀ ಕೋಣೆ ಒಂದೇ ಉಸಿರಿನಲ್ಲಿ ಉತ್ತರಿಸುತ್ತದೆ. ಇಷ್ಟು ಕಡಿಮೆ ಸಾಮಗ್ರಿಯಿಂದ ಇಷ್ಟು ದೀರ್ಘವಾದ ಏಕಾಗ್ರತೆಯನ್ನು ಸಾಧಿಸುವುದು ಸಾಮಾನ್ಯ ಕಲೆಯಲ್ಲ. ಬೆಳಗಿನವರೆಗೆ ಬಯಲಾಟ ನೋಡಿ ಬೆಳೆದ ನಮಗೆ ಇರುಳಿನ ದೈರ್ಘ್ಯ ಹೊಸದಲ್ಲ. ಆದರೆ ಬಯಲಾಟಕ್ಕೆ ಪ್ರಸಂಗವಿದೆ, ಕೊನೆಗೆ ಮಂಗಳವಿದೆ. ಇಲ್ಲಿ ಹಿಂದು ಮುಂದುಗಳಿಲ್ಲದ ವರ್ತಮಾನವೊಂದೇ. ಇದರ ಸೊಗಸೂ ಅದರಲ್ಲಿಯೇ ಇದೆ, ಮರೆವೂ ಅದರಲ್ಲಿಯೇ ಇದೆ.

ಆ ನಾದವಾದರೂ ಬರ್ಲಿನ್ನಿನಲ್ಲಿ ಹುಟ್ಟಿದುದಲ್ಲ. ಹ್ವಾನ್ ಆಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್ಸನ್ ಎಂಬ ಮೂವರು ಕರಿಯ ತರುಣರು 1980ರ ದಶಕದಲ್ಲಿ ಅಮೆರಿಕದ ಡೆಟ್ರಾಯಿಟ್ ಸೀಮೆಯಲ್ಲಿ ಅದನ್ನು ರೂಪಿಸಿದರು. ಮೋಟಾರು ಕಾರ್ಖಾನೆಗಳ ಆ ನಗರದಲ್ಲಿ 1950ರಲ್ಲಿ 18 ಲಕ್ಷಕ್ಕೂ ಹೆಚ್ಚು ಜನರಿದ್ದರು. 1990ರ ವೇಳೆಗೆ 10 ಲಕ್ಷದಷ್ಟು ಉಳಿದರು. ಅಲ್ಲಿಯೂ ಬರಿದು ಕಟ್ಟಡಗಳೇ! ಟ್ರೆಸೋರ್ 1991ರಲ್ಲಿ ಹೊರತಂದ ಮೊದಲ ಧ್ವನಿಮುದ್ರಿಕೆಯು ಜೆಫ್ ಮಿಲ್ಸ್, ಮೈಕ್ ಬ್ಯಾಂಕ್ಸ್, ರಾಬರ್ಟ್ ಹುಡ್ ಎಂಬ ಡೆಟ್ರಾಯಿಟಿಗರದು. 1993ರ ಸಂಕಲನವೊಂದರ ಶೀರ್ಷಿಕೆಯಲ್ಲಿ ಎರಡೂ ನಗರಗಳ ಹೆಸರಿವೆ. ಕುಣಿಸಿದವರು ಋಣವನ್ನು ಮರೆಯಲಿಲ್ಲವೆಂಬುದಕ್ಕೆ ಇದು ಸಾಕ್ಷಿ. 2024ರ ಪಟ್ಟಿಯ ಶೀರ್ಷಿಕೆಯಲ್ಲಿರುವುದು ಒಂದೇ ನಗರ.

ಇಪ್ಪತ್ತರ ಹರೆಯದವರು ಕುಣಿಯಲು ಹೋಗುವಾಗ ಇಷ್ಟೆಲ್ಲವನ್ನೂ ಹೊತ್ತುಕೊಂಡು ಹೋಗಬೇಕೆ ಎಂದು ವಾಚಕರು ಕೇಳಬಹುದು. ಬೇಡ. ಎರಡು ಸರ್ವಾಧಿಕಾರಗಳ ನೆನಪಿನಿಂದ ಬಿಡಿಸಿಕೊಳ್ಳುವುದು ಆ ತಲೆಮಾರಿಗೆ ಅಗತ್ಯವೂ ಆಗಿತ್ತು. ನಮ್ಮ ತಕರಾರು ಅವರೊಡನೆ ಅಲ್ಲ, ಅವರ ಇರುಳನ್ನು ಚರಿತ್ರೆಯಾಗಿ ಬರೆಯುವಾಗಲೂ ‘ಬರಿದು’ ಎಂದೇ ಬರೆಯುವವರೊಡನೆ.

2005ರ ಏಪ್ರಿಲಿನಲ್ಲಿ, ನೆಲವು ಹೂಡಿಕೆದಾರರ ಪಾಲಾದುದರಿಂದ, ಹಳೆಯ ಟ್ರೆಸೋರ್ ಮುಚ್ಚಿತು. 2007ರ ಮಾರ್ಚಿನಲ್ಲಿ, ವೆರ್ಟ್‌ಹೈಮ್ ಆಸ್ತಿಗಳ ವ್ಯಾಜ್ಯವನ್ನು ಮುಗಿಸಲು, ಅಂದು ಆ ಸಂಸ್ಥೆಯ ಉತ್ತರಾಧಿಕಾರಿಯಾಗಿದ್ದ ಕಾರ್‌ಸ್ಟಾಟ್‌ಕ್ವೆಲ್ಲೆ ಕಂಪನಿಯು 8 ಕೋಟಿ 80 ಲಕ್ಷ ಯೂರೋ ಕೊಡಲು ಒಪ್ಪಿತು. ಎರಡು ತಿಂಗಳ ನಂತರ, ಮೇ ತಿಂಗಳಲ್ಲಿ, ಹೊಸ ಟ್ರೆಸೋರ್ ತೆರೆಯಿತು. ವೆರ್ಟ್‌ಹೈಮ್ ಮಳಿಗೆ ನಿಂತಿದ್ದ ನೆಲದ ಮೇಲೆ 2014ರಲ್ಲಿ ಮತ್ತೆ ಮಳಿಗೆಗಳೇ ಎದ್ದವು.